ಶೇಂಗಾ ಬುಡ ಕೊಳೆಯುವ ಮುನ್ನ

ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಶೇಂಗಾ ಗಿಡ ಬಾಡತೊಡಗಿದರೆ ಮೊದಲು ಔಷಧಿ ಅಂಗಡಿಗೆ ಹೋಗಬೇಡಿ. ಗಿಡವನ್ನು ಬೇರುಸಮೇತ ಕಿತ್ತು ನೋಡಿ. ಬಿತ್ತಿ ತಿಂಗಳು ತುಂಬುವುದರೊಳಗೆ ಸಸಿ ಒಣಗಿ, ನೆಲಮಟ್ಟದ ಕಾಂಡ ಸಿಬಿರಾಗಿ, ಅದರ ಮೇಲೆ ಮಸಿಯಂಥ ಕಪ್ಪು ಪುಡಿ ಇದ್ದರೆ ಅದು ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರ ತರುವ ಕತ್ತು ಕೊಳೆ ರೋಗ. ಹೂ ಬಿಟ್ಟ ಮೇಲೆ ಬುಡದಲ್ಲಿ ಬಿಳಿ ಬೂಷ್ಟು ಹರಡಿ, ನಡುವೆ ಸಾಸಿವೆ ಗಾತ್ರದ ಕಂದು ಗುಂಡುಗಳು ಕಂಡರೆ ಅದು ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಇನ್ನೊಂದು ಶಿಲೀಂಧ್ರ ತರುವ ಬುಡ ಕೊಳೆ. ಈ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ನಿಜವಾದ ಕೆಲಸವೆಲ್ಲ ಬಿತ್ತನೆಗೆ ಮೊದಲೇ ಇದೆ.

ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಹಳೆಯ ಕೂಳೆಯನ್ನು ಮಣ್ಣಿನಡಿಗೆ ಹಾಕಿ. ಗಾಳಿ ಸಿಗದ ಆಳದಲ್ಲಿ ಸ್ಕ್ಲೆರೋಷಿಯಂ ಸೊರಗುತ್ತದೆ. ಪಾವಗಡ, ಚಳ್ಳಕೆರೆ ಕಡೆಯಂತೆ ವರ್ಷ ವರ್ಷವೂ ಶೇಂಗಾವನ್ನೇ ಬಿತ್ತುವ ಹೊಲಗಳಲ್ಲಿ ನಡುವೆ ರಾಗಿ, ಜೋಳ ಅಥವಾ ನವಣೆ ಬೆಳೆಯಿರಿ. ಆದಾಯ ತುಸು ಕಡಿಮೆಯಾಗಬಹುದು, ರೋಗಕ್ಕೆ ಆಹಾರವಂತೂ ತಪ್ಪುತ್ತದೆ.

ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರವಾದ ಟ್ರೈಕೋಡರ್ಮಾದ ಪುಡಿಯನ್ನು ಎಕರೆಗೆ 1 ಕಿಲೋದಂತೆ 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿ ಹೊದಿಸಿಡಿ. ತೇವ ಆರದಂತೆ ನೋಡಿಕೊಂಡು, ಹದಿನೈದು ದಿನಗಳ ಬಳಿಕ ಕೊನೆಯ ಹರಗುವಿಕೆಗೆ ಮುನ್ನ ಚೆಲ್ಲಿ. ಮಣ್ಣಿನಲ್ಲಿ ತೇವವಿಲ್ಲದಿದ್ದರೆ ಇದು ದಂಡ.

ಸಿಪ್ಪೆ ಒಡೆದ, ಸುಕ್ಕಾದ ಬೀಜವನ್ನು ಆರಿಸಿ ತೆಗೆಯಿರಿ. ಉಳಿದದ್ದಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಇಲ್ಲವೇ 1.5 ಗ್ರಾಂ ಟೆಬುಕೊನಜೋಲ್ 2 ಡಿಎಸ್ (ಬೀಜಕ್ಕೆ ಲೇಪಿಸುವ ಶಿಲೀಂಧ್ರನಾಶಕ ಪುಡಿ) ಲೇಪಿಸಿ. ಎರಡನ್ನೂ ಒಂದೇ ಬೀಜಕ್ಕೆ ಹಾಕಿದರೆ ಒಳ್ಳೆಯ ಶಿಲೀಂಧ್ರವೂ ಸಾಯುತ್ತದೆ. ಐದು ಸೆಂಟಿಮೀಟರಿಗಿಂತ ಆಳಕ್ಕೆ ಬಿತ್ತಬೇಡಿ. ಮೇಲೇಳಲು ತಿಣುಕುವ ಸಸಿಗೇ ಕತ್ತು ಕೊಳೆ ಹೆಚ್ಚು.

ಎಡೆಕುಂಟೆ ಹೊಡೆಯುವಾಗ ಸಾಲಿನ ಮಣ್ಣು ಸಡಿಲವಾಗಲಿ, ಆದರೆ ಕವಲುಗಳ ಮೇಲೆ ಬೀಳದಿರಲಿ. ಮಣ್ಣಿನಲ್ಲಿ ಹೂತ ಎಲೆಯನ್ನು ತಿಂದೇ ಬಿಳಿ ಬೂಷ್ಟು ಕಾಂಡಕ್ಕೆ ಏರುತ್ತದೆ. ಟಿಕ್ಕಾ ಎಂಬ ಎಲೆಚುಕ್ಕೆ ರೋಗದಿಂದ ಉದುರಿದ ಎಲೆಗಳೂ ಅದಕ್ಕೆ ಊಟವೇ. ಎಲೆಚುಕ್ಕೆ ಹತೋಟಿಯಲ್ಲಿದ್ದರೆ ಬುಡಕ್ಕೂ ಲಾಭ.

ಇಷ್ಟಾದರೂ ಬುಡ ಕೊಳೆ ಕಂಡರೆ ಸತ್ತ ಗಿಡಗಳನ್ನು ಕಿತ್ತು ಸುಡಿ. ಅದೇ ಔಷಧದ ದ್ರವರೂಪವಾದ ಟೆಬುಕೊನಜೋಲ್ 25.9 ಇಸಿಯನ್ನು ಲೀಟರ್ ನೀರಿಗೆ 1 ಮಿ.ಲೀ.ನಂತೆ ಬೆರೆಸಿ ಸುತ್ತಲಿನ ಗಿಡಗಳ ಬುಡ ನೆನೆಯುವಂತೆ ಹಾಕಿ. ಬಾಡಿದ ಗಿಡ ಚಿಗುರುವುದಿಲ್ಲ, ಪಕ್ಕದ್ದು ಉಳಿಯಬಹುದು. ಆ ಜಾಗದ ಕಾಯಿಯನ್ನು ಬಿತ್ತನೆ ಬೀಜಕ್ಕೆ ಎತ್ತಿಡಬೇಡಿ.