ಸ್ಟಾಲ್ ಅನ್ನು ಗುರುತಿಸುವುದು ಮತ್ತು ಅದರಿಂದ ಹೊರಬರುವುದು

ಸೆಸ್ನಾ 172ಎಸ್ ವಿಮಾನದಲ್ಲಿ ತರಬೇತಿ ಆರಂಭಿಸಿದ ವಿದ್ಯಾರ್ಥಿಗಳು ಮೊದಲು ಬಾಯಿಪಾಠ ಮಾಡುವ ಸಂಖ್ಯೆಗಳಲ್ಲಿ 48 ನಾಟ್ (ಗಂಟೆಗೆ ಸುಮಾರು 89 ಕಿ.ಮೀ.) ಒಂದು. ಪೂರ್ಣ ತೂಕ ಹೊತ್ತು, ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಸುವ ಫಲಕ) ಇಳಿಸದೆ, ಎಂಜಿನ್ ಶಕ್ತಿ ತಗ್ಗಿಸಿ ನೇರವಾಗಿ ಹಾರುವಾಗ ಈ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳ ಎತ್ತುವ ಬಲ ಕುಸಿಯುವ, ವೇಗ ಅದು. ಫ್ಲ್ಯಾಪ್ ಪೂರ್ತಿ ಇಳಿಸಿದರೆ ಅದು 40 ನಾಟ್‌ಗೆ ಇಳಿಯುತ್ತದೆ. ಈ ಸಂಖ್ಯೆಗಳು ಸರಿಯಾಗಿವೆ. ಆದರೆ ಅವು ಆ ಒಂದು ಸ್ಥಿತಿಗೆ ಮಾತ್ರ ಸಲ್ಲುತ್ತವೆ ಎಂಬುದನ್ನು ಮರೆತವರು 60 ನಾಟ್‌ನಲ್ಲಿಯೂ ಸ್ಟಾಲ್ ಆಗಬಲ್ಲರು.

ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಎಳೆದ ಗೆರೆಗೂ ಎದುರಿನಿಂದ ಬರುವ ಗಾಳಿಯ ದಿಕ್ಕಿಗೂ ನಡುವಿನ ಕೋನವನ್ನು ಆ್ಯಂಗಲ್ ಆಫ್ ಅಟ್ಯಾಕ್ ಎನ್ನುತ್ತಾರೆ. ಪೈಲಟ್ ಕೈಯಲ್ಲಿ ಹಿಡಿಯುವ ನಿಯಂತ್ರಣವಾದ ಯೋಕ್ ಅನ್ನು ಹಿಂದಕ್ಕೆ ಎಳೆದಷ್ಟೂ ಈ ಕೋನ ಹೆಚ್ಚುತ್ತದೆ, ಅದರೊಂದಿಗೆ ಲಿಫ್ಟ್ (ವಿಮಾನವನ್ನು ಎತ್ತಿಹಿಡಿಯುವ ಬಲ) ಕೂಡ ಹೆಚ್ಚುತ್ತದೆ. ಸಣ್ಣ ವಿಮಾನಗಳಲ್ಲಿ ಸುಮಾರು 15ರಿಂದ 18 ಡಿಗ್ರಿ ದಾಟಿದಾಗ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಗಳಾಗಿ ಚದುರುತ್ತದೆ, ಲಿಫ್ಟ್ ಥಟ್ಟನೆ ಕುಸಿಯುತ್ತದೆ. ಇದೇ ಸ್ಟಾಲ್. ಮೂಗು ದಿಗಂತದಿಂದ ಎಷ್ಟು ಮೇಲಿದೆ ಎಂಬುದು ಬೇರೆಯೇ ಅಳತೆ. ವಿಮಾನ ಕೆಳಕ್ಕೆ ಬೀಳುತ್ತಿದ್ದರೆ ಗಾಳಿ ಕೆಳಗಿನಿಂದ ಬರುತ್ತದೆ, ಆಗ ಮೂಗು ಅಷ್ಟೇನೂ ಎತ್ತರದಲ್ಲಿ ಕಾಣದಿದ್ದರೂ ಕೋನ ಬಹಳ ದೊಡ್ಡದಾಗಿರುತ್ತದೆ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನ ಸತ್ತಾಗ, ಎಂಜಿನ್‌ಗಳು ನಡೆಯುತ್ತಲೇ ಇದ್ದವು. ಬೀಳುವಾಗ ಆ ಕೋನ 35 ಡಿಗ್ರಿಯನ್ನೂ ಮೀರಿತ್ತು, ಯೋಕ್‌ನ ಕೆಲಸ ಮಾಡುವ ಸೈಡ್‌ಸ್ಟಿಕ್ ಹೆಚ್ಚು ಹೊತ್ತು ಹಿಂದಕ್ಕೇ ಎಳೆಯಲ್ಪಟ್ಟಿತ್ತು. ಅನುಭವಿಗಳಿಗೂ ಕೈ ಹಿಂದಕ್ಕೇ ಹೋಗುತ್ತದೆ ಎಂಬುದನ್ನು ವಿದ್ಯಾರ್ಥಿ ಗಂಭೀರವಾಗಿ ತೆಗೆದುಕೊಳ್ಳಬೇಕು.

ತಿರುವಿನಲ್ಲಿ ಲೆಕ್ಕ ಬದಲಾಗುತ್ತದೆ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತದೆ, ಸ್ಟಾಲ್ ವೇಗ ಎರಡರ ವರ್ಗಮೂಲದಷ್ಟು ಪಟ್ಟಾಗಿ 48ರಿಂದ ಸುಮಾರು 68 ನಾಟ್ ಆಗುತ್ತದೆ. 45 ಡಿಗ್ರಿಯಲ್ಲಿ ಅದು ಸುಮಾರು 57.

ಅಭ್ಯಾಸವನ್ನು ತರಬೇತುದಾರರು ಪಕ್ಕದಲ್ಲಿರುವಾಗ ಮಾತ್ರ ಮಾಡಬೇಕು. ನೆಲದಿಂದ ಕನಿಷ್ಠ 3000 ಅಡಿ ಎತ್ತರದಲ್ಲೇ ಹೊರಬರುವುದು ಮುಗಿಯುವಂತೆ ಆರಂಭದ ಎತ್ತರವನ್ನು ಆರಿಸಿಕೊಳ್ಳಿ. ಸೀಟ್ ಬೆಲ್ಟ್ ಬಿಗಿಯಾಗಿದೆಯೇ, ಸಡಿಲವಾದ ವಸ್ತುಗಳು ಉಳಿದಿವೆಯೇ, ಎಂಜಿನ್ ಸೂಚಕಗಳು ಸರಿಯಾಗಿವೆಯೇ, ಕೆಳಗೆ ಊರು ಇಲ್ಲವೇ ಎಂದು ನೋಡಿಕೊಂಡು, ಸುತ್ತ ಬೇರೆ ವಿಮಾನಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಎರಡೂ ಕಡೆಗೆ ಪೂರ್ಣ ತಿರುವು ಹಾಕಿ. ನಂತರ ಎಂಜಿನ್ ಶಕ್ತಿಯನ್ನು ನಿಯಂತ್ರಿಸುವ ಥ್ರಾಟಲ್ ತಗ್ಗಿಸಿ, ಎತ್ತರ ಇಳಿಯದಂತೆ ಯೋಕ್ ಅನ್ನು ನಿಧಾನವಾಗಿ ಎಳೆಯುತ್ತಾ ಬನ್ನಿ. ನಿಯಂತ್ರಣಗಳು ಸಡಿಲಗೊಂಡಂತೆ ಅನಿಸುತ್ತವೆ, ಗಾಳಿಯ ಸದ್ದು ತಗ್ಗುತ್ತದೆ, ಎಡ ರೆಕ್ಕೆಯ ಮುಂದಂಚಿನ ಸಣ್ಣ ರಂಧ್ರಕ್ಕೆ ಜೋಡಿಸಿದ ಎಚ್ಚರಿಕೆಯ ಹಾರ್ನ್ ಸ್ಟಾಲ್‌ಗೆ 5ರಿಂದ 10 ನಾಟ್ ಮೊದಲೇ ಕೂಗುತ್ತದೆ. ಕೊನೆಗೆ ವಿಮಾನ ನಡುಗಿ ಮೂಗು ಬಗ್ಗುತ್ತದೆ. ಈ ಲಕ್ಷಣಗಳನ್ನು ಆತುರಪಡದೆ ಒಂದೊಂದಾಗಿ ಗಮನಿಸುವುದೇ ಪಾಠದ ತಿರುಳೆಂದು ನಾನು ನಂಬುತ್ತೇನೆ, ಏಕೆಂದರೆ ನಿಜವಾದ ಹಾರಾಟದಲ್ಲಿ ಹಾರ್ನ್ ಕೂಗಿದಾಗಲೇ ತಿದ್ದಿಕೊಳ್ಳಬೇಕಾಗಿರುತ್ತದೆ.

ಹೊರಬರಲು ಮೊದಲ ಕೆಲಸ ಯೋಕ್ ಮೇಲಿನ ಎಳೆತವನ್ನು ಬಿಟ್ಟು ಮುಂದಕ್ಕೆ ಒತ್ತುವುದು. ಹಾರ್ನ್ ನಿಲ್ಲುವಷ್ಟು ಒತ್ತಿದರೆ ಸಾಕು, ಮೂಗನ್ನು ನೆಲದ ಕಡೆಗೆ ತಳ್ಳಬೇಕಾಗಿಲ್ಲ. ಜೊತೆಯಲ್ಲೇ ಥ್ರಾಟಲ್ ಪೂರ್ತಿ ಕೊಡಿ. ಆಗ ಮೂಗು ಎಡಕ್ಕೆ ಎಳೆಯುವುದರಿಂದ ಬಲ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ, ಕಾಲಿನಿಂದ ಒತ್ತುವಂಥದ್ದು) ಬೇಕಾಗುತ್ತದೆ. ಒಂದು ರೆಕ್ಕೆ ಬಿದ್ದಿದ್ದರೆ ಏಲರಾನ್‌ನಿಂದ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಿಂದಂಚಿನ ಫಲಕದಿಂದ) ಎತ್ತಲು ಹೋಗಬೇಡಿ: ಬಿದ್ದ ಕಡೆಯ ಏಲರಾನ್ ಕೆಳಗಿಳಿದಾಗ ಅಲ್ಲಿನ ಕೋನ ಇನ್ನೂ ಹೆಚ್ಚಿ, ವಿಮಾನ ಸ್ಪಿನ್‌ಗೆ, ಅಂದರೆ ಸುತ್ತುತ್ತಾ ಕೆಳಗೆ ಬೀಳುವ ಸ್ಥಿತಿಗೆ, ಹೋಗಬಹುದು. ರಡ್ಡರ್‌ನಿಂದ ಮೂಗು ತಿರುಗುವುದನ್ನು ತಡೆದು, ರೆಕ್ಕೆ ಮತ್ತೆ ಹಾರತೊಡಗಿದ ಮೇಲೆ ಏಲರಾನ್‌ನಿಂದ ಸಮತಟ್ಟು ಮಾಡಿ. ಫ್ಲ್ಯಾಪ್ ಪೂರ್ತಿ ಇಳಿದಿದ್ದರೆ 20 ಡಿಗ್ರಿಗೆ ತಂದು, ವೇಗ ಬಂದಂತೆ ಉಳಿದದ್ದನ್ನು ಹಂತಹಂತವಾಗಿ ಮೇಲೆತ್ತಿ.

ರನ್‌ವೇಗೆ ಸಾಲಾಗುವ ಕೊನೆಯ ತಿರುವಿನಲ್ಲಿ ಇದೆಲ್ಲ ಒಟ್ಟಿಗೆ ಬಂದು ಕಾಡುತ್ತದೆ. ತಿರುವು ತಡವಾಗಿ ರನ್‌ವೇ ದಾಟಿಹೋದಾಗ, ಹೆಚ್ಚು ವಾಲಲು ಹೆದರಿದ ವಿದ್ಯಾರ್ಥಿ ರಡ್ಡರ್ ಒತ್ತಿ ಮೂಗನ್ನು ಒಳಕ್ಕೆ ತಿರುಗಿಸುತ್ತಾನೆ, ಬಗ್ಗಿದ ಮೂಗನ್ನು ಯೋಕ್ ಎಳೆದು ಎತ್ತುತ್ತಾನೆ. ಸ್ಪಿನ್‌ಗೆ ಬೇಕಾದದ್ದೆಲ್ಲ ಅಲ್ಲಿದೆ, ಹೊರಬರಲು ಎತ್ತರವಿಲ್ಲ. ಹಾಗೆ ದಾಟಿಹೋದರೆ ರೆಕ್ಕೆ ಸಮತಟ್ಟು ಮಾಡಿ, ಥ್ರಾಟಲ್ ಕೊಟ್ಟು ಮತ್ತೊಂದು ಸುತ್ತು ಹೋಗಿ.

ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಂಥ, ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ನೆಲದಿಂದ ಹಾರುವವರು ಇನ್ನೊಂದು ವಿಷಯವನ್ನು ನೆನಪಿಡಬೇಕು. ಬೇಸಿಗೆಯ 33 ಡಿಗ್ರಿ ಮಧ್ಯಾಹ್ನದಲ್ಲಿ ಅಲ್ಲಿನ ಗಾಳಿ ಸುಮಾರು 5900 ಅಡಿಯ ಗಾಳಿಯಷ್ಟು ತೆಳುವಾಗಿರುತ್ತದೆ. ವೇಗಸೂಚಕದಲ್ಲಿ ಕಾಣುವ ಸ್ಟಾಲ್ ವೇಗ ಬದಲಾಗುವುದಿಲ್ಲ, ಆದರೆ ನೆಲ ಎಂದಿಗಿಂತ ವೇಗವಾಗಿ ಸರಿಯುತ್ತಿರುವಂತೆ ಕಾಣುವುದರಿಂದ ವಿಮಾನ ಬೇಗ ಹೋಗುತ್ತಿದೆ ಎಂದು ಭಾವಿಸಿ ಮೂಗೆತ್ತುವ ಮನಸ್ಸಾಗುತ್ತದೆ. ಎಂಜಿನ್ ಶಕ್ತಿಯೂ ತಗ್ಗಿರುವುದರಿಂದ ಸ್ಟಾಲ್‌ನಿಂದ ಹೊರಬಂದ ಮೇಲೆ ಕಳೆದ ಎತ್ತರವನ್ನು ಮರಳಿ ಗಳಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಂಥ ದಿನ ಅಭ್ಯಾಸವನ್ನು ಇನ್ನೂ 1000 ಅಡಿ ಮೇಲಿನಿಂದ ಆರಂಭಿಸಿ, ಇಲ್ಲವೇ ಬೆಳಗಿನ ತಂಪಿನಲ್ಲಿ ಹಾರಿ.