ಹನ್ನೊಂದರಿಂದ ಮೂರಕ್ಕೆ: ತಿಂಗಳ ಕಾಮಿಕ್ಸ್ ಕಡಿಮೆ ಮಾಡಿದ ನನ್ನ ಅನುಭವ

ಹೋದ ಜೂನ್‌ನಲ್ಲಿ ಅಕ್ಕನ ಮಗಳು ಪಿಯುಸಿ ಓದಲು ನಮ್ಮ ಮನೆಗೆ ಬಂದಳು. ಅಕ್ಕ ಇರುವುದು ಕಳಸದಲ್ಲಿ. ಅಲ್ಲಿಂದ ಚಿಕ್ಕಮಗಳೂರಿಗೆ ದಿನಾ ಬಸ್ಸಲ್ಲಿ ಓಡಾಡೋದು ಆಗದ ಮಾತು. ಅವಳು ಬಂದದ್ದು ಮನೆಯಲ್ಲಿ ಎಲ್ಲರಿಗೂ ಖುಷಿ. ಫೀಸಿನಲ್ಲಿ ಅರ್ಧ ನಾನು ಕಟ್ಟುತ್ತೇನೆ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ತಿಂಗಳಿಗೆ ಕೈಗೆ ಬರೋದು 31,000 ರೂಪಾಯಿ. ಒಂದು ಭಾನುವಾರ ಕೂತು ಎಲ್ಲಾ ಖರ್ಚು ಬರೆದೆ. ಬಾಡಿಗೆ, ದಿನಸಿ, ಅಮ್ಮನ ಮಾತ್ರೆ, ಗ್ಯಾಸು. ಕೊನೆಗೆ ಕಾಮಿಕ್ಸ್.

ತಿಂಗಳಿಗೆ ಹನ್ನೊಂದು ತರಿಸುತ್ತಿದ್ದೆ. ಎಲ್ಲವೂ ಅಮೆರಿಕದ ಸೂಪರ್‌ಹೀರೋ ಮಾಸಿಕಗಳು. ಮುಖಬೆಲೆ ಡಾಲರಿನಲ್ಲಿ, ನನ್ನ ಕೈ ಸೇರುವಾಗ ಒಂದಕ್ಕೆ 350 ರೂಪಾಯಿ ಆಸುಪಾಸು. ಅಲ್ಲಿಗೆ 3,850 ಆಯಿತು. ಬೆಂಗಳೂರಿನಿಂದ ಕೊರಿಯರ್‌ಗೆ 250. ಪ್ರತಿ ಸಂಚಿಕೆಗೆ ಒಂದು ಪ್ಲಾಸ್ಟಿಕ್ ಕವರು, ಬೆನ್ನಿಗೆ ಒಂದು ರಟ್ಟು, ಅದಕ್ಕೆ 25ರಂತೆ 275. ಒಟ್ಟು 4,375. ಇಷ್ಟಕ್ಕೆ ಒಂದು ಸಂಚಿಕೆಯಲ್ಲಿ ಕತೆ ಅಂತ ಇರೋದು ಇಪ್ಪತ್ತೋ ಇಪ್ಪತ್ತೆರಡೋ ಪುಟ. ಅಷ್ಟು ದಿನ ಈ ಮೊತ್ತವನ್ನು ಒಟ್ಟಿಗೆ ಕೂಡಿಸಿಯೇ ನೋಡಿರಲಿಲ್ಲ.

ಕಡಿಮೆ ಮಾಡಬೇಕು ಅನ್ನೋದು ಗೊತ್ತಾಯಿತು. ಯಾವುದನ್ನ ಬಿಡೋದು ಅನ್ನೋದು ಗೊತ್ತಾಗಲಿಲ್ಲ. ಎರಡು ವಾರ ಪಟ್ಟಿ ಹಿಡಿದು ಕೂತರೂ ಒಂದು ಹೆಸರಿಗೂ ಗೆರೆ ಎಳೆಯಲಾಗಲಿಲ್ಲ.

ಜುಲೈನಲ್ಲಿ ಜೋರು ಮಳೆ. ಮಳೆಗೆ ಕಾಲೇಜಿಗೆ ರಜೆ ಕೊಟ್ಟಿದ್ದರು. ಸಂಜೆ ಮನೆಗೆ ಬಂದಾಗ ಹುಡುಗಿ ನನ್ನ ಟ್ರಂಕ್ ಮುಂದೆ ಕೂತಿದ್ದಳು. "ಮಾಮ, ಇದ್ರಲ್ಲಿ ಯಾವುದು ಮೊದಲು ಓದ್ಲಿ?" ಅಂದಳು. ನನ್ನ ಕೈ ತಾನಾಗಿ ಹೋಗಿ ನಾಲ್ಕು ಸರಣಿಯ ಸಂಚಿಕೆಗಳನ್ನ ತೆಗೆಯಿತು. ಇದರಿಂದ ಶುರು ಮಾಡು, ಆಮೇಲೆ ಇದು, ಅಂತ ನೆಲದ ಮೇಲೆ ಸಾಲಾಗಿ ಇಟ್ಟೆ. ಉಳಿದ ಕಟ್ಟುಗಳನ್ನ ತೋರಿಸಿ "ಇವೆಲ್ಲಾ?" ಅಂದಳು. ಒಂದು ಕಟ್ಟು ಬಿಚ್ಚಿ ನೋಡಿದರೆ ಏಳು ತಿಂಗಳ ಸಂಚಿಕೆಗಳ ಕವರಿಗೆ ಅಂಟಿಸಿದ ಟೇಪು ಹಾಗೇ ಇತ್ತು. ಅಂಗಡಿಯವರು ಅಂಟಿಸಿದ ಟೇಪು. ನಾನು ಅವನ್ನ ತೆರೆದೇ ಇರಲಿಲ್ಲ.

ಓದದ್ದನ್ನ ಯಾಕೆ ತರಿಸುತ್ತಿದ್ದೆ ಅಂತ ಆ ರಾತ್ರಿ ಯೋಚಿಸಿದೆ. ಸಂಖ್ಯೆ ತಪ್ಪಬಾರದು, ಅಷ್ಟೇ. 41 ಇದೆ, 42 ಇದೆ, 43 ಬಿಟ್ಟುಹೋದರೆ ಹೇಗೆ ಅನ್ನೋ ಭಯ. ದುಡ್ಡು ಹೋಗುತ್ತಿದ್ದದ್ದು ಕತೆಗಲ್ಲ, ಈ ಭಯಕ್ಕೆ.

ಅದೇ ಟ್ರಂಕಿನ ತಳದಲ್ಲಿ ಅಪ್ಪ ಇಟ್ಟಿದ್ದ ಇಂದ್ರಜಾಲ ಕಾಮಿಕ್ಸ್ ಇವೆ. ಇಂದ್ರಜಾಲ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋಯಿತು. ಕನ್ನಡದಲ್ಲೂ ಬರುತ್ತಿತ್ತು. ಅಪ್ಪನ ಹತ್ತಿರ ಇದ್ದದ್ದು ಹತ್ತೊಂಬತ್ತು, ಒಂದಕ್ಕೊಂದು ಸಂಖ್ಯೆಯೇ ಕೂಡುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೊಂಡದ್ದು, ಯಾರೋ ಓದಿ ಕೊಟ್ಟದ್ದು. ಆದರೂ ಫ್ಯಾಂಟಮ್, ಮ್ಯಾಂಡ್ರೇಕ್ ಕತೆಗಳನ್ನ ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅಮರ ಚಿತ್ರಕಥೆಯ ಪಟ್ಟಿ ನೋಡಿ, ಪುರಾಣದ ಕತೆಗಳು ಶುರುವಾಗೋದೇ 11ರಿಂದ, ಕೃಷ್ಣನ ಪುಸ್ತಕದಿಂದ. ಮೊದಲ ಹತ್ತು ಪಾಶ್ಚಾತ್ಯ ಕಾಲ್ಪನಿಕ ಕತೆಗಳು. ಅವು ಮೊದಲು ಬಂದದ್ದು ಕನ್ನಡದಲ್ಲೇ ಅನ್ನೋದು ನನಗೆ ಹೆಮ್ಮೆ. ಆ ಹತ್ತು ಇಲ್ಲ ಅಂತ ಯಾರೂ ಕೃಷ್ಣನ ಕತೆ ಓದದೆ ಬಿಟ್ಟಿಲ್ಲ, ಅಲ್ವಾ?

ಮಾರನೇ ದಿನ ಗೆರೆ ಎಳೆಯೋದು ಸುಲಭವಾಯಿತು. ಹುಡುಗಿ ಕೇಳಿದಾಗ ಕೈ ಹೋಗದ ಏಳೂ ಅಲ್ಲೇ ಹೋದವು. ಉಳಿದ ನಾಲ್ಕರಲ್ಲಿ ಎರಡು ಒಬ್ಬನೇ ನಾಯಕನವು. ಬ್ಯಾಟ್‌ಮ್ಯಾನ್ ಹೆಸರಿನದೊಂದು, ಡಿಟೆಕ್ಟಿವ್ ಕಾಮಿಕ್ಸ್ ಇನ್ನೊಂದು. ಅವನು ಮೊದಲು ಕಾಣಿಸಿಕೊಂಡದ್ದು 1939ರಲ್ಲಿ, ಡಿಟೆಕ್ಟಿವ್ ಕಾಮಿಕ್ಸ್‌ನ 27ನೇ ಸಂಚಿಕೆಯಲ್ಲಿ. ಸ್ವಂತ ಹೆಸರಿನದು ಮರುವರ್ಷ ಬಂತು. ನನಗೆ ಪತ್ತೇದಾರಿ ಇಷ್ಟ, ಅದಕ್ಕೆ ಹಳೆಯದನ್ನ ಉಳಿಸಿಕೊಂಡೆ. ಹೀಗೆ ಮೂರಾಯಿತು.

ಒಂದು ನಿಯಮ ಮಾತ್ರ ಗಟ್ಟಿಯಾಗಿ ಹಿಡಿದಿದ್ದೇನೆ. ವರ್ಷಕ್ಕೊಂದೆರಡು ಸಲ ಕಂಪನಿಗಳು ಒಂದು ದೊಡ್ಡ ಕತೆ ಹೂಡಿ, ಅದನ್ನ ಹತ್ತಾರು ಸರಣಿಗಳಿಗೆ ಹಂಚುತ್ತವೆ. ಮುಂದಿನ ಭಾಗಕ್ಕೆ ಬೇರೆ ಪುಸ್ತಕ ಕೊಳ್ಳಿ ಅಂತ ಕೊನೇ ಪುಟದಲ್ಲಿ ಹೇಳಿರುತ್ತಾರೆ. ಹಿಂದೆ ಹೇಳಿದ್ದನ್ನೆಲ್ಲ ಕೊಳ್ಳುತ್ತಿದ್ದೆ. ನನ್ನ ಹನ್ನೊಂದರಲ್ಲಿ ನಾಲ್ಕು ಹಾಗೇ ಒಳಗೆ ಬಂದು ಉಳಿದುಕೊಂಡಿದ್ದವು. ಈಗ ಅಂಥ ಕತೆ ಶುರುವಾದರೆ ನನ್ನ ಮೂರರಲ್ಲಿ ಬಂದಷ್ಟೇ ಓದುತ್ತೇನೆ.

ನೀವೂ ಕಡಿಮೆ ಮಾಡಬೇಕು ಅಂದುಕೊಂಡಿದ್ದರೆ ಇದು ಗೊತ್ತಿರಲಿ: ಇವತ್ತು ಬೇಡ ಅಂದರೆ ಇವತ್ತೇ ನಿಲ್ಲುವುದಿಲ್ಲ. ಈ ಮಾಸಿಕಗಳಿಗೆ ಅಂಗಡಿಯವರು ಸುಮಾರು ಎರಡು ತಿಂಗಳು ಮೊದಲೇ ಆರ್ಡರ್ ಹಾಕಿರುತ್ತಾರೆ. ನಾನು ಜುಲೈನಲ್ಲಿ ಫೋನ್ ಮಾಡಿದೆ. ಆಗಸ್ಟ್, ಸೆಪ್ಟೆಂಬರ್ ಪೂರಾ ಹನ್ನೊಂದೂ ಬಂದವು. ಕಟ್ಟಿದ್ದ ಮುಂಗಡ ವಾಪಸ್ ಸಿಗಲಿಲ್ಲ. ಆಗ ತುಂಬಾ ಬೇಜಾರಾಗಿತ್ತು. ಅವರಿಗೂ ಅದು ಮಾರದೆ ಉಳಿದರೆ ನಷ್ಟವೇ ಅಂತ ಆಮೇಲೆ ಅರ್ಥವಾಯಿತು. ಆದ್ದರಿಂದ ಫೀಸು ಕಟ್ಟುವ ತಿಂಗಳಿಗಿಂತ ಮೂರು ತಿಂಗಳು ಮೊದಲೇ ಹೇಳಿಬಿಡಿ.

ಬಿಟ್ಟವುಗಳಲ್ಲಿ ಎರಡರ ಕತೆ ಏನಾಯಿತು ಅನ್ನೋ ಕುತೂಹಲ ಇದ್ದೇ ಇದೆ. ಐದಾರು ಸಂಚಿಕೆ ಸೇರಿಸಿ ಪುಸ್ತಕವಾಗಿ ತರುತ್ತಾರಲ್ಲ, ಅದಕ್ಕೆ ಕಾಯುತ್ತೇನೆ. ಬಿಡಿಬಿಡಿಯಾಗಿ ಕೊಂಡದ್ದಕ್ಕಿಂತ ಅಗ್ಗ, ನಡುವೆ ಜಾಹೀರಾತೂ ಇಲ್ಲ. ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಓದುವವರಿಗೆ ಇನ್ನೂ ಸುಲಭ. ಮಾಂಗಾ ಪ್ಲಸ್ ಆ್ಯಪಿನಲ್ಲಿ ಹೆಚ್ಚಿನ ಸರಣಿಗಳ ಮೊದಲ ಮೂರು, ಇತ್ತೀಚಿನ ಮೂರು ಅಧ್ಯಾಯ ಪುಕ್ಕಟೆ ಓದಬಹುದು. ಹುಡುಗಿ ಅದನ್ನೇ ಓದೋದು.

ಇನ್ನು ಜೋಪಾನ ಮಾಡುವ ವಿಷಯ. ಮಲೆನಾಡಿನವರು ಇದನ್ನ ಸ್ವಲ್ಪ ಗಮನ ಇಟ್ಟು ಓದಿ. ಜಾಸ್ತಿ ಕೊಂಡರೆ ಜಾಸ್ತಿ ಹಾಳಾಗುತ್ತದೆ, ಇದು ನಮ್ಮ ಹವೆಯಲ್ಲಿ ಖಂಡಿತ. ಹಾಳೆಗಿಂತ ಮೊದಲು ಕೆಡೋದು ಪಿನ್ನು. ನಡುಹಾಳೆಯನ್ನ ಹಿಡಿದಿರುವ ಎರಡು ಪಿನ್ನುಗಳಿಗೆ ತುಕ್ಕು ಹಿಡಿದು, ಸುತ್ತ ಕಾಫಿ ಚೆಲ್ಲಿದಂಥ ಕಂದು ಕಲೆ ಹರಡುತ್ತದೆ. ಆಮೇಲೆ ಅಲ್ಲೇ ಕಾಗದ ಪುಡಿಯಾಗಿ ನಡುಹಾಳೆ ಕೈಗೆ ಬರುತ್ತದೆ. ಟೇಪು ಬಿಚ್ಚದ ಆ ಏಳರಲ್ಲಿ ಮೂರಕ್ಕೆ ಹೀಗಾಗಿತ್ತು. ಮಳೆಗಾಲದಲ್ಲಿ ಬಂದ ಪಾರ್ಸೆಲ್ ಅನ್ನ ಹಾಗೇ ಟ್ರಂಕಿಗೆ ಇಟ್ಟಿದ್ದೆ. ಒಳಗೆ ಸೇರಿದ್ದ ತೇವ ಕವರಿನಿಂದ ಹೊರಗೆ ಹೋಗಲಿಲ್ಲ.

ಈಗ ಪಾರ್ಸೆಲ್ ಬಂದ ದಿನ ಮೂರನ್ನೂ ಕವರಿನಿಂದ ತೆಗೆದು ಓದುತ್ತೇನೆ. ಎರಡು ದಿನ ಒಣ ಜಾಗದಲ್ಲಿ, ಫ್ಯಾನಿನ ಗಾಳಿಗೆ ಬಿಡುತ್ತೇನೆ. ಬಿಸಿಲಿಗೆ ಇಡೋದಿಲ್ಲ, ಬಣ್ಣ ಮಾಸುತ್ತದೆ. ಆಮೇಲೆ ಕವರು. ಟೇಪನ್ನ ಮುಚ್ಚಳಕ್ಕಲ್ಲ, ಕವರಿನ ಬೆನ್ನಿಗೆ ಅಂಟಿಸುತ್ತೇನೆ, ಇಲ್ಲದಿದ್ದರೆ ತೆಗೆಯುವಾಗ ಮುಖಪುಟಕ್ಕೆ ಅಂಟಿ ಸಿಪ್ಪೆ ಎದ್ದುಬರುತ್ತದೆ. ಟ್ರಂಕಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಮೂಲೆಗೆ ಅಮ್ಮ ಬಜೆ ಬೇರಿನ ತುಂಡು ಹಾಕಿದ್ದಾರೆ, ಹುಳಕ್ಕೆ. ಟ್ರಂಕನ್ನ ಗೋಡೆಯಿಂದ ಒಂದು ಗೇಣು ದೂರ, ನಾಲ್ಕು ಇಟ್ಟಿಗೆ ಮೇಲೆ ಎತ್ತಿ ಇಟ್ಟಿದ್ದೇನೆ. ಹನ್ನೊಂದು ಬರುತ್ತಿದ್ದಾಗ ಇಷ್ಟೆಲ್ಲ ಮಾಡಲು ಪುರುಸೊತ್ತೇ ಇರಲಿಲ್ಲ.

ಬಿಟ್ಟ ಸರಣಿಗಳ ಹಳೇ ಸಂಚಿಕೆಗಳಲ್ಲಿ 94 ಮಾರಿದೆ. ಬಿಡಿಯಾಗಿ ಕೇಳಿದರೆ ಯಾರೂ ಮುಟ್ಟಲಿಲ್ಲ. ಒಂದು ಕತೆಯ ಶುರುವಿನಿಂದ ಕೊನೆವರೆಗೆ ಜೋಡಿಸಿ ಕಟ್ಟು ಮಾಡಿದ ಮೇಲೆ ಬೆಂಗಳೂರಿನ ಒಬ್ಬರು ಒಂದಕ್ಕೆ 100ರಂತೆ ತೆಗೆದುಕೊಂಡರು. ಕೊಂಡ ಬೆಲೆಯ ಮೂರನೇ ಒಂದು ಭಾಗವೂ ಅಲ್ಲ. ಆದರೂ 9,400 ರೂಪಾಯಿ ಹುಡುಗಿಯ ಎರಡನೇ ಕಂತಿಗೆ ಹೋಯಿತು. ಕಟ್ಟುಗಳನ್ನ ಬಸ್ಸಿಗೆ ಹಾಕಿ ಬಂದ ದಿನ ರಾತ್ರಿ ನಿದ್ದೆ ಬರಲಿಲ್ಲ, ನಿಜ. ಅಪ್ಪನ ಹತ್ತೊಂಬತ್ತನ್ನ ಮಾತ್ರ ಯಾರು ಕೇಳಿದರೂ ಕೊಡೋದಿಲ್ಲ.

ಈಗ ಮೂರಕ್ಕೆ 1,050, ಕವರು ರಟ್ಟಿಗೆ 75. ಕೊರಿಯರ್ ಅನ್ನ ಎರಡು ತಿಂಗಳಿಗೊಮ್ಮೆ ಮಾಡಿಸಿದ್ದೇನೆ, ತಿಂಗಳಿಗೆ 125 ಬೀಳುತ್ತದೆ. ಒಟ್ಟು 1,250. ಇದರ ಜೊತೆ ತಿಂಗಳಿಗೆ 400 ರೂಪಾಯಿ ಹಾರ್ಲಿಕ್ಸ್ ಡಬ್ಬಿಗೆ ಹಾಕುತ್ತೇನೆ, ಅದು ಸಂಚಿಕೆ ಸೇರಿಸಿ ತರುವ ಆ ದೊಡ್ಡ ಪುಸ್ತಕಕ್ಕೆ. ಡಬ್ಬಿಯಲ್ಲಿ ಸದ್ಯ 1,200 ಇದೆ. ಯಾವ ಪುಸ್ತಕ ಅಂತ ಈ ಸಲ ಆರಿಸುವ ಸರದಿ ಹುಡುಗಿಯದು. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳ್ತೀನಿ ಮಾಮ, ಅಂದಿದ್ದಾಳೆ.