ಎರೆ ಮಣ್ಣಿನ ಪಿಟ್ ಬಿಟ್ಟೆ, ತಂತಿ ಎಳೆದೆ

ಒಂದು ಕಾರ್ಖಾನೆಯಲ್ಲಿ ಕಿಡಿ ತಡೆಯುವ ಬ್ಯಾರಿಯರ್‌ಗಳು ಸಾಯುತ್ತಿದ್ದವು. ಅವುಗಳ ಅರ್ತನ್ನು, ಅಂದರೆ ನೆಲದ ಸಂಪರ್ಕವನ್ನು, ಮಣ್ಣಿನ ಗುಂಡಿ (ಪಿಟ್) ಬಿಟ್ಟು ತಾಮ್ರದ ತಂತಿಗೆ ಕೊಟ್ಟ ಕಥೆ ಇದು. ಎರಡು ಬೇಸಿಗೆ ದಾಟಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಮೊದಲೇ ಬರೆದಿದ್ದರೆ "ತಡೀರಿ, ಏಪ್ರಿಲ್ ಬರಲಿ, ಮಣ್ಣು ಒಣಗಲಿ" ಅನ್ನುವವರು ನಮ್ಮ ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಏಪ್ರಿಲ್ ಎರಡು ಸಲ ಬಂದು ಹೋಯಿತು.

ಕೆಲಸ ಹಾವೇರಿ ಜಿಲ್ಲೆಯದು. ಬ್ಯಾಡಗಿ ಮೆಣಸಿನಕಾಯಿಯಿಂದ ಓಲಿಯೋರೆಸಿನ್, ಅಂದರೆ ಬಣ್ಣ ಮತ್ತು ಖಾರದ ಗಟ್ಟಿ ಸಾರ, ತೆಗೆಯುವ ಘಟಕ. ಗೇಟಿನಲ್ಲೇ ನಾಲ್ಕು ಸೀನು ಬರುತ್ತವೆ, ಅದಕ್ಕೆ ಯಾರೂ ಹೆದರುವುದಿಲ್ಲ. ಹೆದರಬೇಕಾದದ್ದು ಒಳಗೆ ಆ ಸಾರವನ್ನು ಕರಗಿಸಿ ತೆಗೆಯುವ ದ್ರಾವಕ ಹೆಕ್ಸೇನ್‌ಗೆ. 69 ಡಿಗ್ರಿಗೆ ಕುದಿಯುತ್ತದೆ, ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ದಾಟಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನ ಲೆವೆಲ್, ಪ್ರೆಶರ್, ಟೆಂಪರೇಚರ್ ಎಲ್ಲ ಸೇರಿ ಹದಿನಾಲ್ಕು ಲೂಪ್, ಅಂದರೆ ಅಳೆಯುವ ಉಪಕರಣದಿಂದ ಕಂಟ್ರೋಲ್ ಪ್ಯಾನಲ್‌ವರೆಗೆ ಹೋಗಿ ಬರುವ ತಂತಿಯ ಸುತ್ತು. ಎಲ್ಲದಕ್ಕೂ ಜೀನರ್ ಬ್ಯಾರಿಯರ್ (ಹೆಕ್ಸೇನ್ ಇರುವ ಕಡೆ ಕಿಡಿ ಹೊತ್ತಿಸುವಷ್ಟು ವೋಲ್ಟೇಜ್, ಕರೆಂಟ್ ಹೋಗದಂತೆ ತಡೆದು, ಹೆಚ್ಚಾದದ್ದನ್ನು ಅರ್ತಿಗೆ ತಿರುಗಿಸುವ ಸಾಧನ), 28 ವೋಲ್ಟ್ 300 ಓಮ್‌ನ ಮಾಮೂಲಿ ಮಾದರಿ.

ಮೊದಲಿನ ಕಾಂಟ್ರಾಕ್ಟರ್ ಬಿಟ್ಟು ಹೋದ ಕೆಲಸ ಅದು. ನಾನು ಹೋಗುವಷ್ಟರಲ್ಲಿ ಏಳು ಬ್ಯಾರಿಯರ್ ಸತ್ತಿದ್ದವು. ಒಳಗಿನ ಫ್ಯೂಸ್ ಎಪಾಕ್ಸಿಯಲ್ಲಿ ಮುಚ್ಚಿರುತ್ತದೆ, ಬದಲಿಸಲು ಬರುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಒಂದಕ್ಕೆ ಸುಮಾರು ಮೂರು ಸಾವಿರ. ಮುಂದಿನ ನಾಲ್ಕನ್ನು ನಾವೇ ಕೊಂದೆವು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಹುಡುಗ ಕೇಬಲ್ ಪರೀಕ್ಷೆ ಮಾಡ್ತೀನಿ ಅಂತ ಬ್ಯಾರಿಯರ್ ಬಿಚ್ಚದೇ ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರ್ ತಿರುಗಿಸಿದ. ಊಟ ಮುಗಿಸಿ ಬರುವಷ್ಟರಲ್ಲಿ ಹನ್ನೆರಡು ಸಾವಿರ ಹೋಗಿತ್ತು. ಅವನನ್ನು ಬೈಯಲಿಲ್ಲ, ಯಾಕೆಂದರೆ ಹತ್ತು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದ್ದೆ, ಅದೂ ಬೇರೆಯವರ ದುಡ್ಡಿನಲ್ಲಿ.

ಇನ್ನೆರಡು ದೂರದ ಟ್ಯಾಂಕಿನ ಲೂಪ್‌ನವು. ಟ್ಯಾಂಕು ತುಂಬಿದರೂ ರೀಡಿಂಗ್ ಮೇಲೆ ಏರುತ್ತಿರಲಿಲ್ಲ. ಏರಲಿ ಅಂತ ಯಾರೋ 24 ವೋಲ್ಟಿನ ಪವರ್ ಸಪ್ಲೈ 28ಕ್ಕೆ ತಿರುಗಿಸಿಟ್ಟಿದ್ದರು. 26 ದಾಟಿದರೆ ಜೀನರ್ ಸೋರಲು ಶುರು, ಆಮೇಲೆ ಫ್ಯೂಸು ಢಮಾರ್. ರೀಡಿಂಗ್ ಏರದ ಲೆಕ್ಕ ಸರಳ: ಫ್ಯೂಸ್ ಸೇರಿ ಬ್ಯಾರಿಯರ್ ಒಟ್ಟು 340 ಓಮ್ ಹಿಡಿಯಿರಿ, ಪೂರ್ತಿ ರೀಡಿಂಗ್‌ನ 20 ಮಿಲಿಆಂಪಿಗೆ 6.8 ವೋಲ್ಟ್ ಅದೇ ತಿನ್ನುತ್ತದೆ. ಪಿಎಲ್‌ಸಿಯ (ಪ್ಲಾಂಟ್ ನಡೆಸುವ ಕಂಪ್ಯೂಟರ್) 250 ಓಮ್ ಇನ್ನೊಂದು 5 ತಿನ್ನುತ್ತದೆ. 24ರಲ್ಲಿ ಉಳಿಯುವುದು 12 ಚಿಲ್ಲರೆ, ಕೇಬಲಿನದು ಕಳೆದರೆ ಟ್ಯಾಂಕಿನ ರೀಡಿಂಗ್ ಕಳಿಸುವ ಟ್ರಾನ್ಸ್‌ಮಿಟರ್‌ಗೆ ಉಪವಾಸ. ಆ ಎರಡಕ್ಕೆ ಐಸೊಲೇಟರ್ ಹಾಕಿದೆ, ಎರಡು ಕಡೆಯ ತಂತಿ ನೇರ ತಾಗದೇ ಸಿಗ್ನಲ್ ದಾಟಿಸುವ, ಅರ್ತ್ ಬೇಡದ ಸಾಧನ ಅದು. ಒಂದಕ್ಕೆ ಎಂಟೋ ಒಂಬತ್ತೋ ಸಾವಿರ. ಟೆಂಪರೇಚರ್ ಅಳೆಯುವ, ತುದಿ ಲೋಹದ ಕವಚಕ್ಕೆ ತಾಗಿದ ಮೂರು ಥರ್ಮೋಕಪಲ್‌ಗಳಿಗೂ ಅದೇ. ಅಲ್ಲಿ ಜೀನರ್ ಹಾಕಿದರೆ ಒಂದೇ ಲೂಪ್‌ಗೆ ಎರಡು ಕಡೆ ಅರ್ತ್ ಆಗುತ್ತದಲ್ವಾ? ಎಲ್ಲಕ್ಕೂ ಐಸೊಲೇಟರೇ ಹಾಕಿಬಿಡಿ, ಅರ್ತಿಂಗ್ ರಗಳೆಯೇ ಇಲ್ಲ ಅಂತ ಹೇಳಿದ್ದೆ. ಮಾಲೀಕರು ಕೊಟೇಶನ್ ನೋಡಿ ಚಹಾ ತರಿಸಿದರು, ಮಾತು ಬದಲಿಸಿದರು.

ಈಗ ನಿಜವಾದ ರೋಗಕ್ಕೆ ಬರುತ್ತೇನೆ. ಬ್ಯಾರಿಯರ್‌ನ ಅರ್ತಿಗೆ ಅಂತಲೇ ಹಳಬರು ಬೇರೆ ಮೂರು ಪಿಟ್ ತೋಡಿಸಿದ್ದರು. ಇದ್ದಿಲು, ಉಪ್ಪು, ತಾಮ್ರದ ಪ್ಲೇಟು, ಸುಮಾರು ನಲವತ್ತೈದು ಸಾವಿರದ ಕೆಲಸ. ಮಳೆಗಾಲದಲ್ಲಿ ಅಳೆದರೆ ಒಂದೂವರೆ ಓಮ್ ತೋರಿಸಿತ್ತಂತೆ. ನಾನು ಅಳೆದದ್ದು ಏಪ್ರಿಲ್‌ನಲ್ಲಿ, ಐದಕ್ಕೆ ಸ್ವಲ್ಪ ಕಡಿಮೆ. ಎರೆ ಮಣ್ಣಿನ ಗುಣ ನಿಮಗೆ ಹೇಳಬೇಕಾ? ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಣ್ಣು ಪ್ಲೇಟಿನಿಂದ ದೂರ ಸರಿದು ನಿಲ್ಲುತ್ತದೆ.

ಒಂದು ದಿನ ಮೋಟರ್ ಒಂದರ ವೈಂಡಿಂಗ್ ಅದರ ಲೋಹದ ಹೊರಮೈಗೆ ತಾಗಿತು. ಅದೇ ಹೊತ್ತಿಗೆ ಮತ್ತೆ ಮೂರು ಬ್ಯಾರಿಯರ್ ಹೋದವು. ಮಾಲೀಕರು ಬ್ಯಾರಿಯರ್ ಕಂಪನಿಯನ್ನು ಬೈದರು. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. ಆ ಐದು ಓಮ್ ಪಿಟ್‌ನಲ್ಲಿ ಮೋಟರಿನಿಂದ ಸೋರಿದ ಕರೆಂಟು ಹತ್ತು ಆಂಪ್ ಹರಿದರೂ ಐವತ್ತು ವೋಲ್ಟ್. ಅಂದರೆ ಎಲ್ಲ ಬ್ಯಾರಿಯರ್‌ಗಳ ಅರ್ತ್ ಸೇರುವ ಲೋಹದ ಪಟ್ಟಿ, ಆ ಬ್ಯಾರಿಯರ್ ಬಾರ್‌ಗೂ ಪ್ಲಾಂಟಿನ ಕಬ್ಬಿಣಕ್ಕೂ ನಡುವೆ ಐವತ್ತು ವೋಲ್ಟ್. 28 ವೋಲ್ಟಿಗೆ ಮೇಲೆ ಹೋಗಬಾರದು ಅಂತ ಬ್ಯಾರಿಯರ್ ಹಾಕಿ, ಅದರ ಕಾಲ ಕೆಳಗೇ ಐವತ್ತು ತಂದಿಟ್ಟರೆ ಬ್ಯಾರಿಯರ್ ಯಾಕೆ ಬೇಕು?

ಸ್ಫೋಟದ ಅಪಾಯ ಇರುವ ಜಾಗದ ವೈರಿಂಗ್‌ಗೆ ಅಂತಲೇ ಇರುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 60079-14 ಕೇಳುವುದು ಮಣ್ಣಿನ ಓಮ್ ಅಲ್ಲ. ಬ್ಯಾರಿಯರ್ ಬಾರ್‌ನಿಂದ ಮೇನ್ ಪವರ್ ಅರ್ತ್ ಪಾಯಿಂಟ್‌ವರೆಗೆ, ಅಂದರೆ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ಅರ್ತ್ ಆಗುವ ಜಾಗದವರೆಗೆ, ಒಂದು ಓಮ್‌ಗಿಂತ ಕಡಿಮೆ ಇರಬೇಕು. ಅದನ್ನು ತಾಮ್ರದ ತಂತಿ ಕೊಡುತ್ತದೆ, ಪಿಟ್ ಕೊಡುವುದಿಲ್ಲ.

ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. ಅಲ್ಲಿನ ಹಿರಿಯ ಮಿಸ್ತ್ರಿ, ನಾವೆಲ್ಲ ಕಾಕಾ ಅಂತ ಕರೆಯುತ್ತೇವೆ, "ಪವರ್ ಅರ್ತಿಗೆ ಸೇರಿಸಿದ್ರ ಗದ್ದಲ ಎಲ್ಲಾ ಒಳಗ ಬರ್ತೈತಿ ನೋಡ್ರಿ" ಅಂದರು, ಅಂದರೆ ಪವರ್ ಕಡೆಯ ಏರಿಳಿತ ನಮ್ಮ ರೀಡಿಂಗ್‌ನಲ್ಲಿ ಬೆರೆಯುತ್ತದೆ ಅಂತ. ಗದಗಿನ ನನ್ನ ಗೆಳೆಯನೊಬ್ಬ ಫೋನಿನಲ್ಲೇ ನಕ್ಕ. ಕಾಕಾ ಹೇಳಿದ್ದರಲ್ಲಿ ಸುಳ್ಳಿಲ್ಲ. ದಾರಿಯಲ್ಲಿ ನಾಲ್ಕು ಕಡೆ ಕಬ್ಬಿಣಕ್ಕೆ ತಾಗಿಸಿಕೊಂಡು ಹೋದರೆ ಗದ್ದಲ ಬಂದೇ ಬರುತ್ತದೆ. ತಾಗಿಸಬಾರದು, ಅಷ್ಟೇ.

ಬಾರ್ ಅನ್ನು ಇನ್ಸುಲೇಟರ್ ಮೇಲೆ ಕೂರಿಸಿದೆ. ಅಲ್ಲಿಂದ 16 ಸ್ಕ್ವೇರ್‌ನ (ಚದರ ಮಿಲಿಮೀಟರ್) ಇನ್ಸುಲೇಟೆಡ್ ತಾಮ್ರದ ತಂತಿ, ಎರಡು, ಪ್ರತಿಯೊಂದೂ ಅರವತ್ತೈದು ಮೀಟರ್ ಆಜುಬಾಜು. ಸ್ಟ್ಯಾಂಡರ್ಡ್‌ಗೆ ಒಂದೇ 4 ಸ್ಕ್ವೇರ್ ಸಾಕು, ಎರಡಾದರೆ 1.5 ಕೂಡ ನಡೆಯುತ್ತದೆ. ಆದರೆ ಇಲಿ, ಗುದ್ದಲಿ, ಹೊಸ ಹುಡುಗರು ಎಲ್ಲರೂ ಇರುವ ಜಾಗ ಅದು. ಎರಡಕ್ಕೂ ಬೇರೆ ಬೇರೆ ಬೋಲ್ಟ್. ಕೇಬಲ್‌ಗಳ ಲೋಹದ ಹೊದಿಕೆ (ಶೀಲ್ಡ್) ಎಲ್ಲ ಈ ಬಾರ್‌ಗೇ ಬರುತ್ತವೆ, ಫೀಲ್ಡ್ ಕಡೆ ಕತ್ತರಿಸಿ ಸ್ಲೀವ್ ಹಾಕಿದ್ದೇನೆ. ಹೆಕ್ಸೇನ್ ಕಡೆಯ ತಂತಿ ಬರುವ ನೀಲಿ ಟರ್ಮಿನಲ್‌ಗೂ ಉಳಿದವಕ್ಕೂ 50 ಮಿಲಿಮೀಟರ್ ಬಿಡುವುದು ಎಲ್ಲರಿಗೂ ಗೊತ್ತು, ಪ್ಯಾನಲ್ ಮಾಡುವವರನ್ನು ಬಿಟ್ಟು. ತಂತಿಯ ತುದಿಯ ಲಗ್ ಜೋಡಣೆ ವರ್ಷಗಟ್ಟಲೆ ಸಡಿಲ ಆಗದ ಹಾಗೆ ನಾನೊಂದು ಕೆಲಸ ಮಾಡುತ್ತೇನೆ. ಅದು ಅಂಗಡಿಯ ಗುಟ್ಟು, ಬಿಡಿ.

ಎರಡು ತಂತಿ ಹಾಕುವುದರ ಲಾಭ ಅಳೆಯುವಾಗ ಗೊತ್ತಾಗುತ್ತದೆ. ಪ್ಲಾಂಟ್ ನಿಲ್ಲಿಸಿ, ಗ್ಯಾಸ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಪರ್ಮಿಟ್ ತೆಗೆದುಕೊಂಡು, ಒಂದು ತಂತಿಯ ತುದಿ ಬಿಚ್ಚಿ ಎರಡರ ಲೂಪ್ ಅಳೆಯಿರಿ. ಇನ್ನೊಂದು ಹಾಗೇ ಇರುವುದರಿಂದ ಬಾರ್ ಅನಾಥ ಆಗುವುದಿಲ್ಲ. ನನಗೆ ಬಂದದ್ದು 0.2 ಓಮ್, ಜೋಡಣೆ ಸೇರಿ. ತಂತಿ, ಲಗ್, ಟ್ರೇ, ಕೂಲಿ ಸೇರಿ ಮೂವತ್ತೆಂಟು ಸಾವಿರದ ಹತ್ತಿರ. ಪಿಟ್‌ಗಿಂತ ಕಡಿಮೆ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ಹಳೆಯ ಪಿಟ್ ಒಂದರ ಮೇಲೆ ತೂತಿನ ಗಡಿಗೆ ಇಟ್ಟು, ಬತ್ತಿ ಹಾಕಿ ನೀರು ಜಿನುಗಿಸಿದೆ, ಗುಡಿಯಲ್ಲಿ ಲಿಂಗದ ಮೇಲೆ ಇರುತ್ತದಲ್ಲ, ಹಾಗೆ. ಐದರಿಂದ ಮೂರಕ್ಕೆ ಇಳಿಯಿತು. ಗಡಿಗೆ ತುಂಬಿಸುವ ವಾಚ್‌ಮನ್ ಊರಿಗೆ ಹೋದ, ವಾರದಲ್ಲಿ ಮತ್ತೆ ನಾಲ್ಕೂವರೆ. ಇನ್ನೊಂದರಲ್ಲಿ ನೀರು ಹಿಡಿದಿಡುವ ಬೆಂಟೊನೈಟ್ ಜೇಡಿ ಸುರಿದೆ. ಅದು ಪರವಾಗಿಲ್ಲ, ಎರಡೂವರೆಯಲ್ಲಿ ನಿಂತಿತು. ಒಂದು ಓಮ್‌ನ ಹತ್ತಿರಕ್ಕೆ ಯಾವುದೂ ಬರಲಿಲ್ಲ.

ಆ ಗಡಿಗೆ ನೋಡುತ್ತಾ ಕೂತಾಗಲೇ ಇನ್ನೊಂದು ಹೊಳೆಯಿತು. ಹೆಕ್ಸೇನ್ ಆವಿ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತದೆ. ಮೂರರಲ್ಲಿ ಒಂದು ಪಿಟ್ ಪಂಪ್ ಶೆಡ್ಡಿನಿಂದ ಎಂಟು ಹೆಜ್ಜೆ ದೂರ, ಮುಚ್ಚಳ ಒಡೆದಿತ್ತು. ಸುರಕ್ಷತೆಗೆ ಅಂತ ತೋಡಿದ ಗುಂಡಿಯೇ ಆವಿ ತುಂಬುವ ಬಾವಿ. ಅವತ್ತೇ ಮರಳು ಹಾಕಿಸಿದೆ. ಕೇಬಲ್ ಟ್ರೆಂಚಿಗೂ ಮರಳು, ಅದು ಮೊದಲೇ ಆಗಬೇಕಿತ್ತು.

ಆಮೇಲೆ ಎರಡು ಬೇಸಿಗೆಯಲ್ಲಿ ಹೋದದ್ದು ಒಂದೇ ಬ್ಯಾರಿಯರ್. ಅದೂ ವೆಲ್ಡಿಂಗ್‌ನವನು ತನ್ನ ರಿಟರ್ನ್ ಕೇಬಲನ್ನು ಟ್ಯಾಂಕಿನ ಇನ್ನೊಂದು ತುದಿಗೆ ಸಿಕ್ಕಿಸಿದ ದಿನ. ಕಳೆದ ತಿಂಗಳು ಅಳೆದಾಗಲೂ 0.2. ಗದಗಿನ ಗೆಳೆಯ ಈಗ ತನ್ನ ಸೈಟಿಗೆ 16 ಸ್ಕ್ವೇರ್ ತಂತಿಯ ರೇಟು ಕೇಳುತ್ತಿದ್ದಾನೆ, ನಕ್ಕಿದ್ದು ಅವನಿಗೆ ನೆನಪಿಲ್ಲವಂತೆ. ಉಳಿದ ಎರಡು ಪಿಟ್‌ಗಳನ್ನೂ ಬಿಚ್ಚಿಸಿ ಮುಚ್ಚಿಸಿದೆವು. ತಾಮ್ರದ ಪ್ಲೇಟು ಮೂರು ಅಂತ ಹಳೆಯ ಬಿಲ್ಲಿನಲ್ಲಿತ್ತು. ಅಗೆದಾಗ ಸಿಕ್ಕಿದ್ದು ಎರಡೇ.